ಬೃಹದ್ರಾಶಿಗಳ ನ್ಯೂಟ್ರಾನ್ ವಿಶ್ಲೇಷಣೆ: ಒಂದು ವಿಮರ್ಶೆ

ಸಿಮೆಂಟು, ಕಲ್ಲಿದ್ದಲು, ಅದಿರು ಮೊದಲಾದ ಕೈಗಾರಿಕೆಗಳಲ್ಲಿ ಗಂಟೆಗೆ ನೂರಾರು ಟನ್ನುಗಳಂತೆ ಹರಿದುಹೋಗುವ ಕಚ್ಚಾ ಪದಾರ್ಥದ ರಾಸಾಯನಿಕ ಸಂಯೋಜನೆಯನ್ನು, ಅದು ಕನ್ವೇಯರ್ ಬೆಲ್ಟಿನ ಮೇಲೆ ಚಲಿಸುತ್ತಿರುವಾಗಲೇ, ನ್ಯೂಟ್ರಾನುಗಳ ನೆರವಿನಿಂದ ಅಳೆಯುವ ವಿಧಾನವು ೧೯೮೦ರ ದಶಕದಿಂದೀಚೆಗೆ ಬಳಕೆಗೆ ಬಂದು ಇಂದು ಪ್ರೌಢಾವಸ್ಥೆಯನ್ನು ಮುಟ್ಟಿದೆ. ಈ ವಿಧಾನದ ಪರವಾಗಿ ಸಾಮಾನ್ಯವಾಗಿ ಮೂರು ಮಾತುಗಳನ್ನು ಹೇಳುವುದುಂಟು. ಒಂದು, ಇದು ರಾಶಿಯ ಯಾವುದೋ ಒಂದು ಚೂರನ್ನಲ್ಲ, ಇಡೀ ರಾಶಿಯನ್ನೇ ನೋಡುತ್ತದೆ. ಎರಡು, ಆದಕಾರಣ ಮಾದರಿ ತೆಗೆಯುವ ಕಷ್ಟ ತಪ್ಪುತ್ತದೆ. ಮೂರು, ನಿಮಿಷ ನಿಮಿಷಕ್ಕೂ ಫಲ ದೊರೆಯುವುದರಿಂದ ಪ್ರಯೋಗಶಾಲೆಯ ಅವಲಂಬನೆ ಕಡಮೆಯಾಗುತ್ತದೆ. ಮೊದಲನೆಯ ಮಾತಿನಲ್ಲಿ ಬಹುಪಾಲು ಸತ್ಯವಿದೆ, ಎರಡನೆಯದರಲ್ಲಿ ಅರ್ಧದಷ್ಟಿದೆ, ಮೂರನೆಯದನ್ನು ಹೇಳಿದಂತೆಯೇ ಒಪ್ಪಿದರೆ ಈ ವಿಧಾನದ ಬುಡಕ್ಕೇ ಕೊಡಲಿ ಬೀಳುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಮಗಿರುವ ಆಧಾರಗಳನ್ನು ಕ್ರಮವಾಗಿ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಮಾದರಿಯ ಸಮಸ್ಯೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕೆಂಬ ಸ್ಥಾಲೀಪುಲಾಕನ್ಯಾಯವು ನಮ್ಮಲ್ಲಿ ಪ್ರಸಿದ್ಧವಾದುದು. ಆ ನ್ಯಾಯ ಸಲ್ಲುವುದಕ್ಕೆ ಒಂದು ಕಾರಣವಿದೆ. ಪಾತ್ರೆಯೊಳಗಿನ ಅಗುಳುಗಳೆಲ್ಲ ಒಂದೇ ಜಾತಿಯವು. ಒಂದೇ ನೀರಿನಲ್ಲಿ ಒಂದೇ ಹೊತ್ತು ಬೆಂದವು. ಗಣಿಯಿಂದ ಬಂದ ಸುಣ್ಣಕಲ್ಲಿಗೆ ಈ ಏಕರೂಪತೆಯಿಲ್ಲ. ಕಲಬುರಗಿಯ ಭೀಮಾ ಕಣಿವೆಯ ಸುಣ್ಣಕಲ್ಲಿನಂತಹ ಪದರುಪದರಾದ ನಿಕ್ಷೇಪದಲ್ಲಿ ಒಂದು ಪದರಿಗೂ ಅದರ ಮೇಲಿನ ಪದರಿಗೂ ಸಿಲಿಕಾ, ಜೇಡಿಗಳ ಪ್ರಮಾಣ ಬೇರೆಯಾಗಬಹುದು. ಒಡೆದ ಮೇಲೆ ಗಟ್ಟಿಯಾದ ತುಂಡು ದಪ್ಪವಾಗಿಯೂ ಮೆತ್ತನೆಯದು ಪುಡಿಯಾಗಿಯೂ ಉಳಿಯುತ್ತದೆ. ಬೆಲ್ಟಿನ ಅದಿರಾಟದಲ್ಲಿ ಪುಡಿ ತಳಕ್ಕೆ ಇಳಿಯುತ್ತದೆ.

ಪ್ರಮಾಣಗಳನ್ನು ನೋಡಿದರೆ ಸಮಸ್ಯೆಯ ಗಾತ್ರ ತಿಳಿದೀತು. ಗಂಟೆಗೆ ೫೦೦ ಟನ್ನು ಸಾಗಿಸುವ ಬೆಲ್ಟೊಂದನ್ನು ಭಾವಿಸೋಣ. ಗಂಟೆಗೊಮ್ಮೆ ಕೆಲವು ಕಿಲೋಗ್ರಾಂ ತೆಗೆದು, ಒಡೆದು, ಪಾಲು ಮಾಡಿ, ಅರೆದು, ಕೊನೆಗೆ ಎಕ್ಸ್-ಕಿರಣ ಪ್ರತಿದೀಪ್ತಿ ಯಂತ್ರಕ್ಕೆ ಒಯ್ಯುವ ಪುಡಿ ಒಂದು ಗ್ರಾಂ ಎಂದಿಟ್ಟುಕೊಂಡರೆ, ಅದು ಆ ಗಂಟೆಯ ರಾಶಿಯಲ್ಲಿ ಐವತ್ತು ಕೋಟಿಯ ಒಂದು ಪಾಲು. ಅದರಲ್ಲಿಯೂ ಸಿಲಿಕಾನಿನ ಎಕ್ಸ್-ಕಿರಣವು ಹೊರಬರುವುದು ಮೇಲ್ಮೈಯ ಕೆಲವೇ ಮೈಕ್ರಾನುಗಳಿಂದ. ಆ ಒಂದು ಗ್ರಾಮಿನ ವಿಶ್ಲೇಷಣೆ ಎಷ್ಟೇ ನಿಖರವಾಗಿರಲಿ, ಅದು ಆ ಗ್ರಾಮಿನ ವಿಷಯದಲ್ಲಿ ಮಾತ್ರ ನಿಖರವಾದುದು. ಫ್ರಾನ್ಸಿನ ಪಿಯೆರ್ ಗೀ ಅವರು ೧೯೫೦ರ ದಶಕದಿಂದ ಬೆಳೆಸಿದ ಮಾದರಿ ಸಿದ್ಧಾಂತವು ಇದನ್ನೇ ಗಣಿತದ ಭಾಷೆಯಲ್ಲಿ ಹೇಳುತ್ತದೆ: ಮಾದರಿಯ ಮೂಲದೋಷದ ವಿಚಲನೆಯು ತುಂಡಿನ ಗಾತ್ರದ ಘನಕ್ಕೆ ಅನುಪಾತದಲ್ಲಿಯೂ, ಮಾದರಿಯ ತೂಕಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ತುಂಡಿನ ಗಾತ್ರ ಇಮ್ಮಡಿಯಾದರೆ, ಅದೇ ನಿಖರತೆಗಾಗಿ ಎಂಟು ಪಟ್ಟು ಮಾದರಿ ಬೇಕು. ಒಡೆದ ಕಲ್ಲಿನ ಬೆಲ್ಟಿನಲ್ಲಿ ಈ ನಿಯಮವನ್ನು ಯಥಾವತ್ತಾಗಿ ಪಾಲಿಸಹೊರಟರೆ ಮಾದರಿಯೇ ಒಂದು ರಾಶಿಯಾಗುತ್ತದೆ. ನ್ಯೂಟ್ರಾನ್ ವಿಧಾನಕ್ಕೆ ಸ್ಥಾನ ದೊರೆತದ್ದು ಇಲ್ಲಿಯೇ.

೨. ವಿಧಾನದ ತತ್ತ್ವ

ಜೇಮ್ಸ್ ಚಾಡ್ವಿಕ್ ಅವರು ನ್ಯೂಟ್ರಾನನ್ನು ಕಂಡುಹಿಡಿದದ್ದು ೧೯೩೨ರಲ್ಲಿ. ನ್ಯೂಟ್ರಾನಿನ ವೇಗವನ್ನು ಜಲಜನಕಯುಕ್ತ ವಸ್ತುಗಳಿಂದ ತಗ್ಗಿಸಿದರೆ ಪರಮಾಣುಬೀಜಗಳು ಅದನ್ನು ಬಹು ಸುಲಭವಾಗಿ ಹಿಡಿಯುತ್ತವೆಂಬುದನ್ನು ಫರ್ಮಿ ಮತ್ತು ಅವರ ಸಂಗಡಿಗರು ರೋಮಿನಲ್ಲಿ ೧೯೩೪ರಲ್ಲಿ ತೋರಿಸಿದರು. ೧೯೩೬ರಲ್ಲಿ ಹೆವೆಶಿ ಮತ್ತು ಹಿಲ್ಡೆ ಲೆವಿ ಅವರು ಇದನ್ನು ರಾಸಾಯನಿಕ ವಿಶ್ಲೇಷಣೆಗೆ ತಂದರು. ಅವರು ಅಳೆದದ್ದು ನ್ಯೂಟ್ರಾನ್ ಹಿಡಿದ ಮೇಲೆ ಉಳಿಯುವ ವಿಕಿರಣಶೀಲತೆಯನ್ನು. ಚಲಿಸುವ ಬೆಲ್ಟಿಗೆ ಅದು ಅನುಕೂಲವಲ್ಲ. ನ್ಯೂಟ್ರಾನನ್ನು ಹಿಡಿದ ಕ್ಷಣದಲ್ಲಿಯೇ ಬೀಜವು ಹೊರಸೂಸುವ ಗಾಮಾ ಕಿರಣವೇ ಇಲ್ಲಿ ಉಪಯುಕ್ತವಾದುದು. ಪ್ರತಿಯೊಂದು ಮೂಲವಸ್ತುವಿನ ಕಿರಣಗಳಿಗೂ ಅದರದೇ ಆದ ಶಕ್ತಿಗಳುಂಟು. ದಶಲಕ್ಷ ಎಲೆಕ್ಟ್ರಾನ್-ವೋಲ್ಟುಗಳಲ್ಲಿ, ಅಂದರೆ ಎಂಇವಿಗಳಲ್ಲಿ ಹೇಳುವುದಾದರೆ, ಜಲಜನಕಕ್ಕೆ ೨.೨೨, ಕ್ಯಾಲ್ಸಿಯಮಿಗೆ ೧.೯೪, ೪.೪೨ ಮತ್ತು ೬.೪೨, ಸಿಲಿಕಾನಿಗೆ ೩.೫೪ ಮತ್ತು ೪.೯೩, ಗಂಧಕಕ್ಕೆ ೫.೪೨, ಕಬ್ಬಿಣಕ್ಕೆ ೭.೬೩ ಮತ್ತು ೭.೬೫, ಅಲ್ಯುಮಿನಿಯಮಿಗೆ ೭.೭೨.

ನ್ಯೂಟ್ರಾನಿನ ಆಕರ ಬಹುತೇಕ ಕ್ಯಾಲಿಫೋರ್ನಿಯಂ-೨೫೨. ಇದರ ಒಂದು ಮೈಕ್ರೋಗ್ರಾಂ ಸೆಕೆಂಡಿಗೆ ಸುಮಾರು ೨೩ ಲಕ್ಷ ನ್ಯೂಟ್ರಾನುಗಳನ್ನು ಹೊರಸೂಸುತ್ತದೆ. ಇಪ್ಪತ್ತು ಮೈಕ್ರೋಗ್ರಾಮಿನ ಆಕರವಾದರೆ ನಾಲ್ಕೂವರೆ ಕೋಟಿಗೂ ಮಿಕ್ಕು. ಸಾಮಾನ್ಯವಾದ ರಚನೆಯಲ್ಲಿ ಆಕರವು ಬೆಲ್ಟಿನ ಕೆಳಗೂ ಗಾಮಾ ಶೋಧಕವು ಮೇಲೂ ಇರುತ್ತವೆ. ನ್ಯೂಟ್ರಾನುಗಳೂ ಈ ಉಚ್ಚಶಕ್ತಿಯ ಗಾಮಾ ಕಿರಣಗಳೂ ಹತ್ತಾರು ಸೆಂಟಿಮೀಟರು ದಪ್ಪದ ಕಲ್ಲಿನ ಹಾಸನ್ನು ಭೇದಿಸಬಲ್ಲವು. ಮೈಕ್ರಾನಿನ ಜಾಗದಲ್ಲಿ ಸೆಂಟಿಮೀಟರು, ಗ್ರಾಮಿನ ಜಾಗದಲ್ಲಿ ಟನ್ನು: ಈ ವಿಧಾನದ ಹಿರಿಮೆಯೆಲ್ಲ ಈ ಎರಡು ಬದಲಾವಣೆಗಳಲ್ಲಿ ಅಡಗಿದೆ.

೩. ‘ಇಡೀ ರಾಶಿ’ ಎಂಬ ಮಾತು

ಆದರೆ ‘ನೋಡುವುದು’ ಎಂದರೆ ‘ಸಮನಾಗಿ ನೋಡುವುದು’ ಎಂದಾಗುವುದಿಲ್ಲ. ಆಕರದ ಸಮೀಪದಲ್ಲಿರುವ ತಳದ ಪದರಿಗೆ ನ್ಯೂಟ್ರಾನುಗಳು ಹೆಚ್ಚು ದೊರೆಯುತ್ತವೆ; ಶೋಧಕದ ಸಮೀಪದ ಮೇಲಿನ ಪದರಿನಿಂದ ಗಾಮಾ ಕಿರಣಗಳು ಸುಲಭವಾಗಿ ಹೊರಬರುತ್ತವೆ; ಬೆಲ್ಟಿನ ಎರಡು ಅಂಚುಗಳಿಗೆ ಎರಡೂ ಕಡಮೆ. ಆಕರ ಮತ್ತು ಶೋಧಕಗಳ ಸಂಖ್ಯೆಯನ್ನೂ ಸ್ಥಾನವನ್ನೂ ಹೊಂದಿಸಿ ಈ ವೈಷಮ್ಯವನ್ನು ತಗ್ಗಿಸಬಹುದು. ಪೂರ್ತಿಯಾಗಿ ಅಳಿಸುವುದು ಕಷ್ಟ. ಎರಡು ಬಗೆಯ ಕಲ್ಲು ಎರಡು ಕಡೆಯಿಂದ ಬಂದು ಬೆಲ್ಟಿನ ಮೇಲೆ ಬೀಳುವ ಕಾರ್ಖಾನೆಯಲ್ಲಿ ಒಂದು ಬಗೆಯದು ನಡುವಿನಲ್ಲಿಯೂ ಮತ್ತೊಂದು ಅಂಚಿನಲ್ಲಿಯೂ ನಿಂತರೆ, ಯಂತ್ರವು ನಡುವಿನದಕ್ಕೆ ಹೆಚ್ಚು ಮಾನ ಕೊಡುತ್ತದೆ. ಹಾಗಾದರೆ ಯಂತ್ರವೂ ಒಂದು ಅರ್ಥದಲ್ಲಿ ಮಾದರಿಯನ್ನೇ ತೆಗೆಯುತ್ತದೆ ಎಂದು ಹೇಳಬೇಕಾಗುತ್ತದೆ. ಅದು ಬಹು ದೊಡ್ಡ ಮಾದರಿ, ಆದಕಾರಣ ಯಾದೃಚ್ಛಿಕ ದೋಷ ಅತ್ಯಲ್ಪ. ಆದರೆ ಪಕ್ಷಪಾತ ಇಲ್ಲದ ಮಾದರಿಯೆಂಬುದು ಸ್ವಯಂಸಿದ್ಧವಲ್ಲ. ಕಾಲವನ್ನು ಹೆಚ್ಚಿಸಿದರೆ ಎಣಿಕೆಯ ಏರಿಳಿತವು ಕಾಲದ ವರ್ಗಮೂಲಕ್ಕೆ ತಕ್ಕಂತೆ ತಗ್ಗುವುದು ನಿಜ. ಪಕ್ಷಪಾತವು ಎಷ್ಟು ಹೊತ್ತು ಕಾದರೂ ತಗ್ಗುವುದಿಲ್ಲ.

೪. ಅನುಪಾತದ ಬಲ

ಸಿಮೆಂಟಿನ ಕಚ್ಚಾ ಮಿಶ್ರಣದಲ್ಲಿ ಈ ವಿಧಾನವು ವಿಶೇಷ ಯಶಸ್ಸನ್ನು ಪಡೆದಿದೆ. ಅದಕ್ಕೆ ಬರಿಯ ಯಂತ್ರಕೌಶಲವೇ ಕಾರಣವಲ್ಲ; ಅಲ್ಲಿ ಕೇಳುವ ಪ್ರಶ್ನೆಯ ಸ್ವರೂಪವೇ ಯಂತ್ರಕ್ಕೆ ಒದಗಿಬರುತ್ತದೆ. ಗೂಡಿಗೆ ಬೇಕಾದುದು ಸುಣ್ಣವೆಷ್ಟು ಎಂಬುದಕ್ಕಿಂತ, ಉಳಿದ ಆಕ್ಸೈಡುಗಳಿಗೆ ತಕ್ಕಷ್ಟು ಸುಣ್ಣವಿದೆಯೇ ಎಂಬುದು. ಸುಣ್ಣದ ಶೇಕಡಾವಾರನ್ನು, ಸಿಲಿಕಾದ ೨.೮ ಪಟ್ಟು, ಅಲ್ಯುಮಿನಾದ ೧.೧೮ ಪಟ್ಟು, ಕಬ್ಬಿಣದ ಆಕ್ಸೈಡಿನ ೦.೬೫ ಪಟ್ಟು ಇವುಗಳ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಣ್ಣದ ಸಂತೃಪ್ತಿ ಗುಣಾಂಕ ದೊರೆಯುತ್ತದೆ. ಇದು ಮೇರೆಮೀರಿದರೆ ಕ್ಲಿಂಕರಿನಲ್ಲಿ ಸಂಯೋಗ ಹೊಂದದ ಸುಣ್ಣ ಉಳಿಯುತ್ತದೆ, ಇಂಧನ ಹೆಚ್ಚು ಬೇಕಾಗುತ್ತದೆ. ಇಳಿದರೆ ಸಿಮೆಂಟಿನ ಆರಂಭದ ಬಲ ಕುಂದುತ್ತದೆ.

ಈ ಗುಣಾಂಕವು ಒಂದು ಅನುಪಾತವೆಂಬುದನ್ನು ಗಮನಿಸಬೇಕು. ಬೆಲ್ಟಿನ ಮೇಲಣ ಹಾಸು ತೆಳ್ಳಗಾದರೆ ಎಲ್ಲ ಮೂಲವಸ್ತುಗಳ ಎಣಿಕೆಯೂ ಒಟ್ಟಿಗೆ ಇಳಿಯುತ್ತದೆ. ಆಕರ ಹಳೆಯದಾದಾಗಲೂ ಹಾಗೆಯೇ. ಮಳೆಗಾಲದ ತೇವ ನ್ಯೂಟ್ರಾನುಗಳ ವೇಗವನ್ನು ಇನ್ನಷ್ಟು ತಗ್ಗಿಸಿದರೆ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಅಂಶದಲ್ಲಿಯೂ ಛೇದದಲ್ಲಿಯೂ ಸಮನಾಗಿ ಸೇರಿದ ದೋಷವು ಭಾಗಾಕಾರದಲ್ಲಿ ಬಹುಮಟ್ಟಿಗೆ ಹೊಡೆದುಹೋಗುತ್ತದೆ. ಉಷ್ಣನ್ಯೂಟ್ರಾನುಗಳಿಗೆ ಆಮ್ಲಜನಕವೂ ಇಂಗಾಲವೂ ಹೆಚ್ಚುಕಡಮೆ ಅಗೋಚರ; ಆದಕಾರಣ ಸುಣ್ಣಕಲ್ಲಿನ ಶೇಕಡಾ ೪೪ರಷ್ಟಾಗುವ ಇಂಗಾಲಾಮ್ಲವನ್ನು ಯಂತ್ರ ಕಾಣುವುದೇ ಇಲ್ಲ. ಅನುಪಾತಕ್ಕೆ ಇದರಿಂದಲೂ ಬಾಧೆಯಿಲ್ಲ. ಕೇವಲ ಒಂದು ವಸ್ತುವಿನ ಶೇಕಡಾವಾರು ಬೇಕಾದಾಗ ಈ ರಕ್ಷಣೆ ಯಂತ್ರಕ್ಕೆ ದೊರೆಯುವುದಿಲ್ಲ. ಮೆಗ್ನೀಸಿಯಾವನ್ನೇ ತೆಗೆದುಕೊಳ್ಳಬಹುದು. ಭಾರತೀಯ ಮಾನಕವು ಸಾಧಾರಣ ಸಿಮೆಂಟಿನಲ್ಲಿ ಇದಕ್ಕೆ ಶೇಕಡಾ ೬ರ ಮೇರೆಯನ್ನು ವಿಧಿಸಿದೆ. ಇಲ್ಲಿ ಅನುಪಾತದ ನೆರಳಿಲ್ಲ. ಸಾಲದುದಕ್ಕೆ, ನ್ಯೂಟ್ರಾನನ್ನು ಹಿಡಿಯುವ ಸಾಮರ್ಥ್ಯದಲ್ಲಿ ಮೆಗ್ನೀಸಿಯಮಿನ ಪರಮಾಣು ಕ್ಯಾಲ್ಸಿಯಮಿನದರ ಏಳನೆಯ ಒಂದು ಪಾಲಿನಷ್ಟು ಮಾತ್ರ. ಒಂದೇ ಪರದೆಯ ಮೇಲೆ, ಒಂದೇ ಅಕ್ಷರದಲ್ಲಿ, ಅಕ್ಕಪಕ್ಕದಲ್ಲಿ ಮೂಡುವ ಈ ಎರಡು ಸಂಖ್ಯೆಗಳ ಯೋಗ್ಯತೆ ಒಂದೇ ಅಲ್ಲ.

೫. ರೇಖೆಗಳ ಸಾಂಕರ್ಯ

ಎಲ್ಲ ದೋಷಗಳೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಕೈಗಾರಿಕೆಯಲ್ಲಿ ಹೆಚ್ಚಾಗಿ ಬಳಸುವ ಸೋಡಿಯಂ ಅಯೊಡೈಡ್ ಶೋಧಕವು ದೃಢವಾದುದು, ಆದರೆ ಸೂಕ್ಷ್ಮದೃಷ್ಟಿಯುಳ್ಳದ್ದಲ್ಲ. ಸಿಲಿಕಾನಿನ ೪.೯೩ ಎಂಇವಿ ಕಿರಣವು ಶೋಧಕದೊಳಗೆ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯನ್ನು ಉಂಟುಮಾಡಿ, ಪಾಸಿಟ್ರಾನ್ ಲಯವಾದಾಗ ಹುಟ್ಟುವ ೦.೫೧ ಎಂಇವಿಯ ಎರಡು ಕಿರಣಗಳಲ್ಲಿ ಒಂದು ಹೊರಗೆ ತಪ್ಪಿಸಿಕೊಂಡರೆ, ಉಳಿಯುವುದು ೪.೪೨. ಅದು ಕ್ಯಾಲ್ಸಿಯಮಿನ ಸ್ವಂತ ರೇಖೆಯ ಸ್ಥಾನ. ಹೀಗೆ ಸಿಲಿಕಾನಿನ ಒಂದು ಭಾಗ ಕ್ಯಾಲ್ಸಿಯಮಿನ ವೇಷ ಧರಿಸುತ್ತದೆ. ಕಬ್ಬಿಣದ ೭.೬೩–೭.೬೫ ಮತ್ತು ಅಲ್ಯುಮಿನಿಯಮಿನ ೭.೭೨ ರೇಖೆಗಳನ್ನಂತೂ ಈ ಶೋಧಕವು ಎರಡು ಶಿಖರಗಳಾಗಿ ಬೇರ್ಪಡಿಸಲಾರದು. ಇಡೀ ರೋಹಿತವನ್ನು ಮೂಲವಸ್ತುಗಳ ಶುದ್ಧ ರೋಹಿತಗಳ ಮೊತ್ತವೆಂದು ಭಾವಿಸಿ ಗಣಿತದಿಂದ ಪಾಲು ಹಚ್ಚುವುದು ರೂಢಿಯಲ್ಲಿರುವ ಪರಿಹಾರ. ಪಾಲು ತಪ್ಪಿದಾಗ ಒಂದಕ್ಕೆ ಹೆಚ್ಚಾದುದು ಇನ್ನೊಂದಕ್ಕೆ ಕಡಮೆಯಾಗುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಸುಣ್ಣ ೪೩.೦, ಸಿಲಿಕಾ ೧೩.೫, ಅಲ್ಯುಮಿನಾ ೩.೪, ಕಬ್ಬಿಣದ ಆಕ್ಸೈಡು ೨.೨ ಇರುವ ಮಿಶ್ರಣದ ಸಂತೃಪ್ತಿ ಗುಣಾಂಕ ೯೯.೪. ಸಿಲಿಕಾ ೦.೨ ಹೆಚ್ಚಾಗಿ, ಸುಣ್ಣ ೦.೨ ಕಡಮೆಯಾಗಿ ಕಂಡರೆ ಗುಣಾಂಕ ೯೭.೭ಕ್ಕೆ ಇಳಿಯುತ್ತದೆ, ಯಂತ್ರವನ್ನು ನಂಬಿದ ನಿಯಂತ್ರಕನು ಬೇಡದ ಸುಣ್ಣಕಲ್ಲನ್ನು ಮಿಶ್ರಣಕ್ಕೆ ಸೇರಿಸುತ್ತಾನೆ. ಅಲ್ಯುಮಿನಾ ೦.೧ ಹೆಚ್ಚಾಗಿ ಕಬ್ಬಿಣ ೦.೧ ಕಡಮೆಯಾಗಿ ಕಂಡರೋ, ಸಂತೃಪ್ತಿ ಗುಣಾಂಕವು ೯೯.೩ರಲ್ಲಿಯೇ ನಿಲ್ಲುತ್ತದೆ, ಆದರೆ ಅಲ್ಯುಮಿನಾ–ಕಬ್ಬಿಣಗಳ ಅನುಪಾತ ೧.೫೫ರಿಂದ ೧.೬೭ಕ್ಕೆ ಏರುತ್ತದೆ. ಒಂದೇ ಜಾತಿಯ ತಪ್ಪು ಒಂದು ಪ್ರಶ್ನೆಗೆ ಉಪೇಕ್ಷಣೀಯ, ಇನ್ನೊಂದಕ್ಕೆ ಗಂಭೀರ. ಆದಕಾರಣ ‘ಈ ಯಂತ್ರ ನಿಖರವಾದುದೇ?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ‘ಯಾವ ನಿರ್ಣಯಕ್ಕೆ ನಿಖರ?’ ಎಂದು ಕೇಳತಕ್ಕದ್ದು.

೬. ಅಳೆದುದು ಮತ್ತು ಊಹಿಸಿದುದು

ಕಲ್ಲಿದ್ದಲಿನ ವಿಷಯದಲ್ಲಿ ಈ ವಿವೇಚನೆ ಇನ್ನೂ ಅಗತ್ಯವಾಗಿದೆ. ಬೂದಿ ಎಂಬುದು ಮೂಲವಸ್ತುವಲ್ಲ, ಉಷ್ಣಮೌಲ್ಯವೂ ಅಲ್ಲ. ಇವೆರಡಕ್ಕೂ ಗಾಮಾ ರೇಖೆಯಿಲ್ಲ. ಸಿಲಿಕಾನ್, ಅಲ್ಯುಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂ ಮೊದಲಾದವುಗಳನ್ನು ಅಳೆದು ಬೂದಿಯನ್ನು ಗಣಿಸಬೇಕು. ಬೂದಿಯಿಂದಲೂ ತೇವದಿಂದಲೂ ಉಷ್ಣಮೌಲ್ಯವನ್ನು ಊಹಿಸಬೇಕು. ಜಲಜನಕದ ರೇಖೆ ಸ್ಪಷ್ಟವಾಗಿ ಕಾಣುವುದಾದರೂ ಅದು ತೇವದ ಜಲಜನಕವೋ ಕಲ್ಲಿದ್ದಲಿನ ಸ್ವಂತ ಜಲಜನಕವೋ ಎಂಬುದನ್ನು ನ್ಯೂಟ್ರಾನ್ ಹೇಳಲಾರದು. ಅದಕ್ಕಾಗಿ ಸೂಕ್ಷ್ಮತರಂಗದ ಪ್ರತ್ಯೇಕ ಮಾಪಕವನ್ನು ಜೋಡಿಸುವುದುಂಟು. ಇಂಗಾಲವನ್ನು ನೇರವಾಗಿ ಕಾಣಬೇಕಾದರೆ ೧೪.೧ ಎಂಇವಿಯ ವೇಗದ ನ್ಯೂಟ್ರಾನುಗಳಿಂದ ಹೊಡೆದು, ಅದು ಸೂಸುವ ೪.೪೪ ಎಂಇವಿ ಕಿರಣವನ್ನು ಹಿಡಿಯಬೇಕು. ಅಲ್ಲಿಯೂ ತೊಡಕುಂಟು: ಅದೇ ನ್ಯೂಟ್ರಾನು ಆಮ್ಲಜನಕದ ಬೀಜವನ್ನು ಹೊಡೆದಾಗ ಒಂದು ಆಲ್ಫಾ ಕಣ ಹಾರಿಹೋಗಿ, ಉದ್ರಿಕ್ತಸ್ಥಿತಿಯ ಇಂಗಾಲದ ಬೀಜ ಉಳಿದು, ಅದೇ ೪.೪೪ ಕಿರಣವನ್ನು ಸೂಸಬಲ್ಲದು. ನೀರಿನಲ್ಲಿಯೂ ಬೂದಿಯಲ್ಲಿಯೂ ಆಮ್ಲಜನಕವೇ ತುಂಬಿರುವುದರಿಂದ ಈ ಸುಳ್ಳು ಇಂಗಾಲವನ್ನು ಕಳೆಯದೆ ವಿಧಿಯಿಲ್ಲ.

ಗಂಧಕದ ಮಾತು ಬೇರೆ. ಅದರ ರೇಖೆ ಪ್ರಬಲವಾದುದು. ಅದನ್ನು ಯಂತ್ರವು ನಿಜವಾಗಿಯೂ ಅಳೆಯುತ್ತದೆ. ಗಂಧಕ ಹೆಚ್ಚಾಗಿರುವ ಅಮೆರಿಕದ ಕಲ್ಲಿದ್ದಲುಗಳನ್ನು ಬೆರೆಸಿ ನಿಯಮದ ಮೇರೆಯೊಳಗೆ ತರುವ ಕೆಲಸದಲ್ಲಿ ಈ ವಿಧಾನ ಕೀರ್ತಿ ಪಡೆದದ್ದು ಆಶ್ಚರ್ಯವಲ್ಲ. ಭಾರತದ ಬಹುಪಾಲು ಕಲ್ಲಿದ್ದಲಿನಲ್ಲಿ ಗಂಧಕ ಕಡಮೆ, ಬೂದಿ ಹೆಚ್ಚು. ಇಲ್ಲಿನ ಪ್ರಶ್ನೆ ಉಷ್ಣಮೌಲ್ಯದ್ದು. ೨೦೧೨ರಿಂದ ನಮ್ಮಲ್ಲಿ ಕಲ್ಲಿದ್ದಲಿನ ದರ್ಜೆಯನ್ನು ಒಟ್ಟು ಉಷ್ಣಮೌಲ್ಯದ ಮೇಲೆ, ಬಹುಪಾಲು ೩೦೦ ಕಿಲೊಕ್ಯಾಲೊರಿಗಳ ಅಂತರದ ಶ್ರೇಣಿಗಳಾಗಿ ನಿರ್ಧರಿಸಲಾಗುತ್ತಿದೆ. ಸಿಂಗರೇಣಿಯ ಗಣಿಯಿಂದ ರಾಯಚೂರಿನ ವಿದ್ಯುತ್ ಕೇಂದ್ರಕ್ಕೆ ಬರುವ ಒಂದು ರೈಲಿನ ಬೆಲೆ, ಅದರ ಮೌಲ್ಯ ಮೇರೆಯ ಈಚೆಗೋ ಆಚೆಗೋ ಎಂಬುದನ್ನು ಅವಲಂಬಿಸಿದೆ. ಊಹೆಯಿಂದ ಬಂದ ಸಂಖ್ಯೆಯಲ್ಲಿ ಸಣ್ಣದೊಂದು ಸ್ಥಿರವಾದ ಓರೆಯಿದ್ದರೆ, ಅದು ಒಂದು ದಿನ ಕೊಳ್ಳುವವನಿಗೂ ಒಂದು ದಿನ ಮಾರುವವನಿಗೂ ಒಲಿಯುವುದಿಲ್ಲ; ದಿನವೂ ಒಬ್ಬನಿಗೇ ಒಲಿಯುತ್ತದೆ. ಬಾಯ್ಲರಿಗೆ ಹೋಗುವ ಕಲ್ಲಿದ್ದಲನ್ನು ಬೆರೆಸಲು ಈ ಯಂತ್ರ ಉತ್ತಮ ಮಾರ್ಗದರ್ಶಿ. ಹಣದ ಲೆಕ್ಕಕ್ಕೆ ಒಂಟಿ ಸಾಕ್ಷಿಯಾಗಿ ಅದನ್ನು ನಿಲ್ಲಿಸುವುದು ನ್ಯಾಯವಲ್ಲ.

೭. ಪ್ರಮಾಣೀಕರಣದ ವೃತ್ತ

ಈಗ ಮೂರನೆಯ ಮಾತಿಗೆ ಬರೋಣ. ಯಂತ್ರವು ಕಾಣುವುದು ಎಣಿಕೆಗಳನ್ನು. ಎಣಿಕೆ ಶೇಕಡಾವಾರಾಗುವುದು ಪ್ರಮಾಣೀಕರಣದಿಂದ. ಪ್ರಮಾಣೀಕರಣಕ್ಕೆ ಬೇಕಾದುದು ಪ್ರಯೋಗಶಾಲೆ ವಿಶ್ಲೇಷಿಸಿದ ಮಾದರಿಗಳು. ಅಂದಮೇಲೆ ಮಾದರಿಯ ಕಷ್ಟದಿಂದ ಬಿಡುಗಡೆ ಮಾಡುತ್ತೇನೆಂದ ಸಾಧನವು ತನ್ನ ಜ್ಞಾನವನ್ನು ಮಾದರಿಯಿಂದಲೇ ಎರವು ಪಡೆದಿದೆ. ಪ್ರಯೋಗಶಾಲೆಯ ಮಾದರಿ ಸಾಧನದಲ್ಲಿ ಓರೆಯಿದ್ದರೆ ಯಂತ್ರವು ಆ ಓರೆಯನ್ನು ಶ್ರದ್ಧೆಯಿಂದ ಕಲಿತುಕೊಳ್ಳುತ್ತದೆ. ಆಮೇಲೆ ಇಬ್ಬರ ಹೇಳಿಕೆಗಳೂ ಕೂಡಿಬಂದರೆ ಅದು ಸತ್ಯಕ್ಕೆ ಪ್ರಮಾಣವಾಗದು. ಒಬ್ಬ ಗುರುವಿನ ಶಿಷ್ಯನು ಗುರುವಿನ ಮಾತನ್ನೇ ಒಪ್ಪಿಸಿದಂತಾಗುತ್ತದೆ. ಗೊತ್ತಾದ ಸಂಯೋಜನೆಯ ಅಚ್ಚುಗಳನ್ನು ಬೆಲ್ಟಿನ ಮೇಲಿರಿಸಿ ಪ್ರಮಾಣೀಕರಿಸುವ ಕ್ರಮವೂ ಉಂಟು. ಅದು ಈ ವೃತ್ತವನ್ನು ಭಾಗಶಃ ಮುರಿಯುತ್ತದೆ. ಆದರೆ ನಿಶ್ಚಲವೂ ಏಕರೂಪವೂ ಆದ ಅಚ್ಚು, ಚಲಿಸುವ ತೇವದ ಕಲ್ಲಿನ ಹಾಸಿಗೆ ಸಮನಲ್ಲ.

ಯಂತ್ರದ ಯೋಗ್ಯತೆಯನ್ನು ತೋರಿಸಲು ಯಂತ್ರದ ಬೆಲೆಗಳಿಗೂ ಪ್ರಯೋಗಶಾಲೆಯ ಬೆಲೆಗಳಿಗೂ ಇರುವ ಸಹಸಂಬಂಧದ ಗುಣಾಂಕವನ್ನು ಮುಂದಿಡುವ ವಾಡಿಕೆಯನ್ನು ಇಲ್ಲಿಯೇ ಪರಾಮರ್ಶಿಸಬೇಕು. ಪದಾರ್ಥದ ಏರಿಳಿತ ದೊಡ್ಡದಾಗಿದ್ದರೆ ಸಾಧಾರಣ ಯಂತ್ರಕ್ಕೂ ದೊಡ್ಡ ಗುಣಾಂಕ ದೊರೆಯುತ್ತದೆ. ಏರಿಳಿತ ಚಿಕ್ಕದಾಗಿದ್ದರೆ ಒಳ್ಳೆಯ ಯಂತ್ರಕ್ಕೂ ಅದು ಕಡಮೆಯಾಗುತ್ತದೆ. ಗುಣಾಂಕವು ಯಂತ್ರಕ್ಕಿಂತ ಗಣಿಯ ಸ್ವಭಾವವನ್ನೇ ಹೆಚ್ಚು ಹೇಳುತ್ತದೆ. ವ್ಯತ್ಯಾಸಗಳ ವಿಚಲನೆಯನ್ನು ಕೊಟ್ಟರೂ, ಆ ವ್ಯತ್ಯಾಸದಲ್ಲಿ ಯಂತ್ರದ ಪಾಲೆಷ್ಟು, ಮಾದರಿಯ ಪಾಲೆಷ್ಟು ಎಂಬುದು ಉಳಿದೇ ಉಳಿಯುತ್ತದೆ. ಇದಕ್ಕೆ ಫ್ರಾಂಕ್ ಗ್ರಬ್ಸ್ ಅವರು ೧೯೪೮ರಲ್ಲಿ ತೋರಿಸಿದ ಮಾರ್ಗವೊಂದುಂಟು. ಒಂದೇ ಪದಾರ್ಥವನ್ನು ಪರಸ್ಪರ ಸ್ವತಂತ್ರವಾದ ಮೂರು ವಿಧಗಳಿಂದ ಅಳೆದರೆ, ಜೋಡಿ ಜೋಡಿಯಾಗಿ ವ್ಯತ್ಯಾಸಗಳನ್ನು ತೆಗೆದುಕೊಂಡು ಮೂವರ ದೋಷವನ್ನೂ ಬೇರೆಬೇರೆಯಾಗಿ ಅಂದಾಜು ಮಾಡಬಹುದು. ಯಂತ್ರವೊಂದು, ಬೇರೆಬೇರೆಯಾಗಿ ತೆಗೆದು ಬೇರೆಬೇರೆಯಾಗಿ ವಿಶ್ಲೇಷಿಸಿದ ಮಾದರಿಗಳೆರಡು: ಇಷ್ಟಾದರೆ ಸಾಕು. ಹೀಗೆ ಪರೀಕ್ಷಿಸಿದಾಗ ಯಂತ್ರದ ದೋಷಕ್ಕಿಂತ ಮಾದರಿಯ ದೋಷವೇ ದೊಡ್ಡದೆಂದು ಹೊರಬರಲೂಬಹುದು. ಆಗ ಯಂತ್ರಕ್ಕೆ ಸಲ್ಲುವ ಮರ್ಯಾದೆ ಹೆಚ್ಚುತ್ತದೆ. ಆದರೆ ಆ ಮರ್ಯಾದೆಯನ್ನು ಕೊಡಬಲ್ಲದ್ದು ಪ್ರಯೋಗಶಾಲೆಯೇ ಎಂಬುದನ್ನು ಮರೆಯಬಾರದು. ಗ್ರಬ್ಸ್ ಅವರ ಮಾರ್ಗವೂ ಅಳೆಯುವುದು ಚದುರುವಿಕೆಯನ್ನೇ ಹೊರತು ಸ್ಥಿರವಾದ ಓರೆಯನ್ನಲ್ಲ. ಓರೆಯನ್ನು ಕಾಣಬೇಕಾದರೆ ಬೆಲ್ಟನ್ನು ನಿಲ್ಲಿಸಿ, ಅದರ ಅಡ್ಡಕ್ಕೂ ಇರುವ ಪದಾರ್ಥವನ್ನು ಪುಡಿಸಹಿತ ಪೂರ್ತಿಯಾಗಿ ಬಾಚಿ ತೆಗೆದು ವಿಶ್ಲೇಷಿಸುವುದೇ ಗತಿ. ಶ್ರಮದ ಕೆಲಸವೆಂದು ಇದನ್ನು ಬಿಡುವ ಕಾರ್ಖಾನೆಯು ತನ್ನ ಯಂತ್ರವನ್ನು ನಂಬುವ ಹಕ್ಕನ್ನೂ ಬಿಟ್ಟಂತೆ.

ಈ ಶ್ರಮ ಒಂದು ಬಾರಿಗೆ ಮುಗಿಯುವುದೂ ಅಲ್ಲ. ಕ್ಯಾಲಿಫೋರ್ನಿಯಂ-೨೫೨ರ ಅರ್ಧಾಯುಷ್ಯ ೨.೬೫ ವರ್ಷ; ವರ್ಷಕ್ಕೆ ಶೇಕಡಾ ೨೩ರಷ್ಟು ಬಲ ಕುಂದುತ್ತದೆ, ಎಣಿಕೆಯ ಏರಿಳಿತ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಗಣಿಯಲ್ಲಿ ಹೊಸ ಪದರು ತೆರೆದಾಗ, ಕ್ಲೋರಿನ್ನಿನಂತೆ ನ್ಯೂಟ್ರಾನುಗಳನ್ನು ವಿಪರೀತವಾಗಿ ಹೀರುವ ವಸ್ತು ಹೊಸದಾಗಿ ಸೇರಿದಾಗ, ಹಳೆಯ ಪ್ರಮಾಣೀಕರಣ ಸಲ್ಲುವುದೆಂಬ ಭರವಸೆಯಿಲ್ಲ.

೮. ಉಪಸಂಹಾರ

ಮೇಲಿನ ವಿಮರ್ಶೆಯಿಂದ ನ್ಯೂಟ್ರಾನ್ ವಿಧಾನದ ಗೌರವಕ್ಕೆ ಕುಂದು ಬರುವುದಿಲ್ಲವೆಂದು ನಾವು ಭಾವಿಸುತ್ತೇವೆ. ಗಂಟೆಗಳ ನಂತರ ಬರುವ ನಿಖರವಾದ ಉತ್ತರವು ಆಗಲೇ ಗೂಡು ಸೇರಿದ ಕಲ್ಲನ್ನು ತಿದ್ದಲಾರದು. ನಿಮಿಷಗಳಲ್ಲಿ ಬರುವ ಸಾಧಾರಣ ಉತ್ತರವು ಮುಂದಿನ ಕಲ್ಲನ್ನು ತಿದ್ದಬಲ್ಲದು. ರಾಶಿಯನ್ನು ಹದಗೊಳಿಸುವ ಕೆಲಸದಲ್ಲಿ ಈ ಯಂತ್ರಕ್ಕೆ ಸಾಟಿಯಾದುದು ವಿರಳ. ನಮ್ಮ ಆಕ್ಷೇಪಣೆ ಯಂತ್ರದ ಮೇಲಲ್ಲ. ಯಂತ್ರ ಬಂದಿತೆಂದು ಮಾದರಿ ತೆಗೆಯುವವರನ್ನೂ ವಿಶ್ಲೇಷಕರನ್ನೂ ಕಡಮೆ ಮಾಡುವ ಮಿತವ್ಯಯದ ಮೇಲೆ. ಅದರ ನಷ್ಟ ಕೂಡಲೆ ಕಾಣುವಂಥದಲ್ಲ. ಸಂಖ್ಯೆಗಳು ಎಂದಿನಂತೆ ಪರದೆಯ ಮೇಲೆ ಮೂಡುತ್ತಲೇ ಇರುತ್ತವೆ. ಅವು ಸತ್ಯದಿಂದ ಸರಿದುದನ್ನು ಹೇಳಬಲ್ಲವರು ಮಾತ್ರ ಇರುವುದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಮೂರು. ಯಂತ್ರವು ಕೊಡುವ ಪ್ರತಿಯೊಂದು ಸಂಖ್ಯೆಯೂ ಅಳೆದುದೋ ಗಣಿಸಿದುದೋ ಊಹಿಸಿದುದೋ ಎಂಬುದನ್ನು ಅದರ ಪಕ್ಕದಲ್ಲಿಯೇ ನಮೂದಿಸತಕ್ಕದ್ದು. ಯೋಗ್ಯತಾಪರೀಕ್ಷೆಯನ್ನು ಸಹಸಂಬಂಧದಿಂದಲ್ಲ, ಸ್ವತಂತ್ರವಾದ ಎರಡು ಮಾದರಿಗಳ ಸಹಾಯದಿಂದ ಮಾಡತಕ್ಕದ್ದು. ನಿಲ್ಲಿಸಿದ ಬೆಲ್ಟಿನ ಮಾದರಿಯನ್ನು ನಿಯತಕಾಲದಲ್ಲಿ, ಆಕರ ಬದಲಾದಾಗ ಮತ್ತು ಕಲ್ಲು ಬದಲಾದಾಗ ತಪ್ಪದೆ ತೆಗೆಯತಕ್ಕದ್ದು. ಒಂದು ಅಗುಳಿನಿಂದ ಪಾತ್ರೆಯನ್ನು ತಿಳಿಯುವ ನ್ಯಾಯ ಈ ರಾಶಿಗಳಿಗೆ ಸಲ್ಲದೆಂಬುದನ್ನು ನ್ಯೂಟ್ರಾನು ನಮಗೆ ಮನಗಾಣಿಸಿದೆ. ಆದರೆ ಇಡೀ ಪಾತ್ರೆಯನ್ನು ಒಮ್ಮೆಗೇ ನೋಡುವ ಕಣ್ಣು ಸರಿಯಾಗಿ ನೋಡುತ್ತಿದೆಯೇ ಎಂದು ಪರೀಕ್ಷಿಸಲು, ಆಗಾಗ ಅಗುಳನ್ನೇ ಎಚ್ಚರಿಕೆಯಿಂದ ಹಿಚುಕಿ ನೋಡಬೇಕಾಗಿದೆ.